ಮುಪ್ಪಿಗೆ ಯಾವ ಊರು ಲೇಸು?

ಓದಲು ಯಾವ ಊರು ಒಳ್ಳೆಯದು, ನೌಕರಿಗೆ ಯಾವ ಊರು ಒಳ್ಳೆಯದು ಎಂಬ ಚರ್ಚೆ ನಮ್ಮ ಕಾಲೇಜಿನ ಅಂಗಳದಲ್ಲಿ ದಿನವೂ ನಡೆಯುತ್ತದೆ. ಮುಪ್ಪಿಗೆ ಎಂಥ ಊರು ಬೇಕು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಳ್ಳುವುದು ವಿರಳ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದರು. ಅವರಲ್ಲೊಬ್ಬರು ನಮ್ಮ ಮುತ್ಯಾ. ಅವರ ನಿಮಿತ್ತವಾಗಿಯೇ ನಾನು ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು.

ನಮ್ಮದು ಅಫಜಲಪುರ ತಾಲೂಕಿನ ಒಂದು ಹಳ್ಳಿ. ಕಳೆದ ವರ್ಷ ಮುತ್ಯಾ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿಯಿತು. ಕಲಬುರಗಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಈಗ ಕೋಲೂರಿ ನಾಲ್ಕು ಹೆಜ್ಜೆ ಇಡಬಲ್ಲರು. ಬೇಸಿಗೆ ರಜೆಯಲ್ಲಿ ಪುಣೆಯಿಂದ ಬಂದ ಕಾಕಾ, "ಹೊಲ ನಮ್ಮ ಹೆಸರಿಗಿ ಮಾಡ್ರಿ. ಎರಡು ಎಕರೆ ಮಾರಿ ಕಲಬುರ್ಗ್ಯಾಗ ಸಣ್ಣದೊಂದು ಮನಿ ತಗೊಳ್ಳಮು. ದವಾಖಾನಿ ಹತ್ರ ಆಗ್ತದ" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಅಪ್ಪ ಸುಮ್ಮನೆ ಕುಳಿತಿದ್ದರು. ಮುತ್ಯಾ ನನ್ನ ಕಡೆ ತಿರುಗಿ, "ಮನ್ಯಾಗ ಓದಿದಾವ ನೀ ಒಬ್ಬನೇ ಇದ್ದಿ ತಮ್ಮಾ. ನಾಕು ಊರು ನೋಡಿ ಹೇಳು" ಎಂದರು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಪರೀಕ್ಷೆಯ ಯಾವ ಪ್ರಶ್ನೆಗೂ ನಾನು ಇಷ್ಟು ಅಂಜಿದ್ದಿಲ್ಲ. ಅಂತೂ ರಜೆಯಲ್ಲಿ ಆಳಂದ, ಜೇವರ್ಗಿ, ಅಫಜಲಪುರ ಹಾಗೂ ಕಲಬುರಗಿಗಳನ್ನು ಮುದುಕರ ಕಣ್ಣಿನಿಂದ ನೋಡಿ ಬಂದೆ.

ಅಳೆಯಬೇಕಾದರೆ ಮೊದಲು ಅಳತೆಗೋಲು ಬೇಕು. ಅಮೇರಿಕ ಮೊದಲಾದ ದೇಶಗಳಲ್ಲಿ ಹಿರಿಯರಿಗಾಗಿ ನಿರಂತರ ಆರೈಕೆಯ ನಿವಾಸಗಳು ಉಂಟು. ಒಂದೇ ಆವರಣದಲ್ಲಿ ಅಲ್ಲಿ ಮೂರು ಬಗೆಯ ವಸತಿ ಇರುತ್ತದೆ: ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಒಂದು, ಸ್ನಾನ-ಊಟಗಳಿಗೆ ಇನ್ನೊಬ್ಬರ ಕೈ ಬೇಕಾದವರಿಗೆ ಇನ್ನೊಂದು, ಹಾಸಿಗೆ ಹಿಡಿದವರಿಗೆ ಮತ್ತೊಂದು. ಸೇರುವಾಗ ದೊಡ್ಡ ಮೊತ್ತ, ಅನಂತರ ತಿಂಗಳು ತಿಂಗಳು ಶುಲ್ಕ ಕೊಡುವುದು ಅಲ್ಲಿ ಸಾಮಾನ್ಯ ಪದ್ಧತಿ. ನಮ್ಮಲ್ಲಿಯೂ ಬೆಂಗಳೂರು, ಪುಣೆಯಂಥ ನಗರಗಳಲ್ಲಿ ಹಿರಿಯರ ವಸತಿ ಸಮುಚ್ಚಯಗಳು ಎದ್ದಿವೆ. ಇಂಥವುಗಳಿಗಾಗಿ ಕೇಂದ್ರ ಸರಕಾರ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನೂ ಹೊರಡಿಸಿತು. ತೊಗರಿ ಬೆಳೆದು ಬದುಕುವ ನಮ್ಮಂಥವರಿಗೆ ಅವು ದೂರದ ಬೆಟ್ಟವೇ ಸರಿ. ಆದರೆ ಅವುಗಳ ಹಿಂದಿನ ವಿಚಾರವೊಂದು ಬಡವರಿಗೂ ಸಲ್ಲುವಂಥದು. ಮನುಷ್ಯನ ಶಕ್ತಿ ಕುಂದಿದಂತೆಲ್ಲ ಅವನು ನೆಲೆ ಬದಲಿಸುತ್ತ ಹೋಗಬಾರದು; ಆರೈಕೆಯೇ ಅವನಿದ್ದಲ್ಲಿಗೆ ಬರಬೇಕು. ಈ ವಿಚಾರವನ್ನೇ ಅಳತೆಗೋಲಾಗಿ ಹಿಡಿದು, ಮೂರೂ ಅವಸ್ಥೆಗಳಲ್ಲಿ ನಮ್ಮ ಊರುಗಳು ಹೇಗೆ ನಿಲ್ಲುತ್ತವೆಂಬುದನ್ನು ನೋಡೋಣ.

(1) ನಡೆದಾಡುವ ಮುಪ್ಪು

ಈ ಅವಸ್ಥೆಯಲ್ಲಿ ನಮ್ಮ ತಾಲೂಕು ಪಟ್ಟಣಗಳನ್ನು ತೆಗೆದುಹಾಕುವಂತಿಲ್ಲ. ಬ್ಯಾಂಕು, ಅಂಚೆ ಕಚೇರಿ, ತಹಶೀಲ ಕಚೇರಿ, ಸಂತೆ, ಸರಕಾರಿ ಆಸ್ಪತ್ರೆ ಎಲ್ಲವೂ ಒಂದೇ ಪಟ್ಟಣದಲ್ಲಿ ಸಿಗುತ್ತವೆ. ಆಳಂದ ಹಾಗೂ ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರು. ಅಫಜಲಪುರದಿಂದ 60ಕ್ಕೂ ಮೇಲೆ. ಸರಕಾರಿ ಬಸ್ಸಿನಲ್ಲಿ ಅರವತ್ತು ದಾಟಿದವರಿಗೆ ಟಿಕೀಟಿನಲ್ಲಿ ಶೇಕಡಾ 25 ರಿಯಾಯಿತಿ ಉಂಟು. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲದೆ ಓಡಾಡುತ್ತಾರೆ. ಆಳಂದದ ನಿಲ್ದಾಣದಲ್ಲಿ ಒಬ್ಬ ಅಜ್ಜಿ, "ಮೊದಲ ಗುಳಿಗಿ ತರಾಕ ಮಗನ ಮುಂದ ರೊಕ್ಕ ಕೇಳಬೇಕಿತ್ತಪ್ಪ, ಈಗ ನಾನೇ ಹೋಗಿ ಬರ್ತೀನಿ" ಎಂದಳು. ಮುಪ್ಪಿನಲ್ಲಿ ಸ್ವಾತಂತ್ರ್ಯವೆಂದರೆ ಏನೆಂಬುದನ್ನು ಆಕೆ ಒಂದೇ ಮಾತಿನಲ್ಲಿ ತಿಳಿಸಿಕೊಟ್ಟಳು.

ಕೊರತೆಗಳೂ ಇಲ್ಲದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಮುದುಕರನ್ನು ಹಗಲೆಲ್ಲ ಮನೆಯೊಳಗೆ ಕೂಡಿಹಾಕುತ್ತದೆ. ಎತ್ತರವಾದ ಬಸ್ಸಿನ ಮೆಟ್ಟಿಲು ಮೊಣಕಾಲು ನೋವಿನವರಿಗೆ ಒಂದು ಗುಡ್ಡವೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ನದೀತೀರದ ಹಳ್ಳಿಗಳನ್ನು ನುಗ್ಗಿದ್ದು ನಮ್ಮೆಲ್ಲರ ನೆನಪಿನಲ್ಲಿದೆ. ಜೇವರ್ಗಿಯವರು ಕಲಬುರಗಿಗೆ ಹೋಗಬೇಕಾದರೆ ಕಟ್ಟಿಸಂಗಾವಿಯ ಸೇತುವೆಯನ್ನು ದಾಟಲೇಬೇಕು. ಆದುದರಿಂದ ಮುಪ್ಪಿಗೆ ಊರು ಆರಿಸುವವರು ಆಸ್ಪತ್ರೆ ಎಷ್ಟು ದೂರವೆಂದು ಕೇಳಿದರೆ ಸಾಲದು. ನಡುವೆ ಹೊಳೆ ಇದೆಯೆ ಎಂಬುದನ್ನೂ ಕೇಳಬೇಕು.

ಇಲ್ಲಿ ನಮ್ಮ ತಾಲೂಕಿನ ಗಾಣಗಾಪುರವನ್ನು ನೆನೆಯದಿರಲಾಗದು. ಭೀಮಾ-ಅಮರ್ಜಾ ಸಂಗಮದ ಈ ದತ್ತಕ್ಷೇತ್ರಕ್ಕೆ ಕರ್ನಾಟಕ ಮಹಾರಾಷ್ಟ್ರಗಳಿಂದ ಬಂದು, ದಿನಗಟ್ಟಲೆ ತಿಂಗಳುಗಟ್ಟಲೆ ಸೇವೆ ಮಾಡುತ್ತ ನಿಲ್ಲುವ ವೃದ್ಧರುಂಟು. ಸಂಗಮದ ಸ್ನಾನ, ಮಧ್ಯಾಹ್ನದ ಮಧುಕರಿ ಭಿಕ್ಷೆ, ಸಂಜೆಯ ದರ್ಶನ ಎಂದು ಅವರ ದಿನಕ್ಕೊಂದು ಕ್ರಮವಿದೆ, ಜೊತೆಗೆ ಜನರಿದ್ದಾರೆ. ಕಾಶಿಯಂತೆ ಇದೂ ನಮ್ಮ ಹಿರಿಯರು ಮುಪ್ಪಿಗೆಂದು ಕಂಡುಕೊಂಡ ಊರೇ. ಆದರೆ ಮಧುಕರಿ ನಡೆಯುವುದು ಮನೆ ಮನೆ ತಿರುಗುವ ಕಾಲಿರುವವರೆಗೆ. ಕಾಲು ಸೋತ ಮೇಲೆ ಏನು?

(2) ಕೈ ಹಿಡಿಯಬೇಕಾದ ಮುಪ್ಪು

ಈ ಪ್ರಶ್ನೆಗೆ ನಾನು ನೋಡಿದ ಯಾವ ಪಟ್ಟಣವೂ ಸರಿಯಾದ ಉತ್ತರ ಕೊಡಲಿಲ್ಲ. ಸ್ನಾನ ಮಾಡಿಸುವುದು, ರಾತ್ರಿ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವುದು, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವುದು, ಮುರಿದ ಕಾಲಿಗೆ ವ್ಯಾಯಾಮ ಮಾಡಿಸುವುದು, ಇವು ವೈದ್ಯರ ಕೆಲಸಗಳಲ್ಲ. ಆದರೆ ಇವಿಲ್ಲದೆ ವೈದ್ಯರ ಕೆಲಸ ನಿಲ್ಲದು. ಸಂಬಳ ಕೊಟ್ಟರೆ ಇಂಥ ಕೆಲಸಕ್ಕೆ ತರಬೇತಿಯಾದವರು ಸಿಗುವರೆ ಎಂದು ಔಷಧದ ಅಂಗಡಿಗಳಲ್ಲಿ ವಿಚಾರಿಸಿದೆ. "ಅಂಥೋರು ಹೈದರಾಬಾದದಾಗ ಸಿಗ್ತಾರ ನೋಡ್ರಿ" ಎಂಬ ಉತ್ತರ ಬಂತು.

ಹಾಗಾದರೆ ಈ ಕೆಲಸವನ್ನು ಈಗ ಮಾಡುತ್ತಿರುವವರಾರು? ನಮ್ಮ ಮನೆಯಲ್ಲಿ ಅವ್ವ. ಮುತ್ಯಾ ಬಿದ್ದಂದಿನಿಂದ ಅವ್ವ ತವರಿಗೆ ಒಂದು ರಾತ್ರಿಯೂ ಹೋಗಿ ಉಳಿದಿಲ್ಲ. ನಾವು ಭಾಷಣ ಸ್ಪರ್ಧೆಗಳಲ್ಲಿ ಅವಿಭಕ್ತ ಕುಟುಂಬವನ್ನು ಬಾಯಿತುಂಬ ಹೊಗಳುತ್ತೇವೆ. ನಾನೂ ಹೊಗಳಿ ಬಹುಮಾನ ಪಡೆದವನೇ. ಆ ಹೊಗಳಿಕೆಯ ಭಾರವೆಲ್ಲ ಮನೆಯ ಒಬ್ಬ ಹೆಣ್ಣುಮಗಳ ಬೆನ್ನ ಮೇಲಿರುವುದನ್ನು ಈ ರಜೆಯಲ್ಲಿ ಕಂಡೆ.

(3) ಹಾಸಿಗೆಯ ಮುಪ್ಪು

ಇಲ್ಲಿ ಕಲಬುರಗಿಯ ಮೇಲುಗೈಯನ್ನು ಒಪ್ಪಲೇಬೇಕು. ಸರಕಾರಿ ವೈದ್ಯಕೀಯ ಕಾಲೇಜಿನ ಜಿಮ್ಸ್ ಆಸ್ಪತ್ರೆ, ಹೃದ್ರೋಗಕ್ಕೆ ಜಯದೇವ ಸಂಸ್ಥೆಯ ಆಸ್ಪತ್ರೆ ಅಲ್ಲಿವೆ. ವಯೋವೃದ್ಧರ ಆರೋಗ್ಯಕ್ಕಾಗಿ 2010-11ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಗಳ ವಾರ್ಡನ್ನೂ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ವಾರಕ್ಕೊಮ್ಮೆ ಹಿರಿಯರ ಚಿಕಿತ್ಸಾಲಯವನ್ನೂ ಯೋಜಿಸಲಾಗಿದೆ.

ಆದರೆ ಶಸ್ತ್ರಚಿಕಿತ್ಸೆಯ ತರುವಾಯ ಮುತ್ಯಾ ಕಲಬುರಗಿಯ ಬಾಡಿಗೆ ಕೋಣೆಯಲ್ಲಿ ಇಪ್ಪತ್ತು ದಿನ ಇದ್ದಾಗ ನಾನು ಜೊತೆಗಿದ್ದೆ. ಊಟ, ಔಷಧ ಯಾವುದಕ್ಕೂ ಕಡಿಮೆಯಿರಲಿಲ್ಲ. ಒಂದು ಸಂಜೆ ಕಿಟಕಿಯ ಹೊರಗೆ ನೋಡುತ್ತ, "ಇಲ್ಲಿ ನನ್ನ ಹೆಸರು ಹಿಡದು ಕರೆಯೋರು ಯಾರದಾರೋ ತಮ್ಮಾ?" ಎಂದರು. ಹಳ್ಳಿಯಲ್ಲಿ ಅಗಸಿಯ ಕಟ್ಟೆಯ ಮೇಲೆ ಅವರಿಗೊಂದು ಜಾಗವಿದೆ. ಒಂದು ದಿನ ಬಾರದಿದ್ದರೆ ಯಾರಾದರೂ ಬಂದು ವಿಚಾರಿಸುತ್ತಾರೆ. ದವಾಖಾನೆ ಪ್ರಾಣವನ್ನು ಉಳಿಸೀತು. ಉಳಿದ ಪ್ರಾಣ ಬಾಳುವುದು ಈ ಕಟ್ಟೆಯ ಮೇಲೆಯೇ.

ಕಾನೂನಿನ ಆಸರೆ

ಇನ್ನು ಹೊಲದ ಮಾತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ 2007ರಲ್ಲಿ ಬಂದಿದೆ. ಅದರ ಪ್ರಕಾರ ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಪ್ರತಿಯೊಂದು ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ಹಂತ ಹಂತವಾಗಿ ಸ್ಥಾಪಿಸಬಹುದೆಂದು 19ನೆಯ ಕಲಮು ಹೇಳುತ್ತದೆ. ನನಗೆ ಬಹಳ ಮುಖ್ಯವೆನಿಸಿದ್ದು 23ನೆಯ ಕಲಮು. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯನು ಆಸ್ತಿ ಕೊಟ್ಟು, ಪಡೆದವರು ಆ ಷರತ್ತನ್ನು ಮುರಿದರೆ, ಕೊಟ್ಟದ್ದನ್ನು ರದ್ದುಗೊಳಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಆದಕಾರಣ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ಕ್ಷೇಮ. ಹೆಬ್ಬೆಟ್ಟು ಒತ್ತುವ ಹಿರಿಯರ ಪಕ್ಕದಲ್ಲಿ ಕುಳಿತು ಪತ್ರವನ್ನು ಗಟ್ಟಿಯಾಗಿ ಓದಿ ಹೇಳುವುದು, ಓದಿದ ಮೊಮ್ಮಕ್ಕಳು ಮಾಡಬಹುದಾದ ಮೊದಲ ಸೇವೆ.

ನನ್ನ ಉತ್ತರ

ರಜೆ ಮುಗಿಯುವ ಮುನ್ನ ಮನೆಯವರೆಲ್ಲರ ಮುಂದೆ ಹೀಗೆ ಹೇಳಿದೆ: ಮೊದಲನೆಯ ಅವಸ್ಥೆಗೆ ತಾಲೂಕು ಪಟ್ಟಣ ಸಾಕು, ಮೂರನೆಯದಕ್ಕೆ ಕಲಬುರಗಿ ಬೇಕು, ಆದರೆ ಚಿಕಿತ್ಸೆ ನಡೆಯುವಷ್ಟು ದಿನ ಮಾತ್ರ. ಮುತ್ಯಾ ಈಗಿರುವುದು ಎರಡನೆಯ ಅವಸ್ಥೆಯಲ್ಲಿ. ಅದಕ್ಕೆ ಬೇಕಾದುದು ಬೇರೆ ಊರಲ್ಲ, ಇನ್ನೊಂದು ಜೊತೆ ಕೈ. ಹೊಲ ಮಾರುವುದು ಬೇಡ. ಎರಡು ಎಕರೆ ಲಾವಣಿಗೆ ಕೊಟ್ಟು, ಬಂದ ದುಡ್ಡಿನಲ್ಲಿ ನಮ್ಮ ಓಣಿಯವರನ್ನೇ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳೋಣ. ಬಚ್ಚಲಿಗೆ ಹಿಡಿಕೆ ಹಾಕಿಸಿ ನೆಲವನ್ನು ಒರಟು ಮಾಡಿಸೋಣ. ಕಾಕಾ ಬಹಳ ಹೊತ್ತು ಯೋಚಿಸಿ ಒಪ್ಪಿದರು. ಬಚ್ಚಲದ ಖರ್ಚನ್ನು ಅವರೇ ಕೊಟ್ಟರು. ಮರುವಾರ ಅವ್ವ ತವರಿಗೆ ಹೋಗಿ ಎರಡು ದಿನ ಇದ್ದು ಬಂದಳು.

ಇದು ಒಂದು ಮನೆಯ ಉತ್ತರ. ಲಾವಣಿಗೆ ಕೊಡಲು ಹೊಲವೇ ಇಲ್ಲದ, ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವೊಂದನ್ನೇ ನಂಬಿದ ಮುದುಕರ ಗತಿಯೇನು? ಪ್ರತಿಯೊಂದು ತಾಲೂಕು ಪಟ್ಟಣದಲ್ಲಿ ಹಗಲು ಹೊತ್ತು ಹಿರಿಯರು ಕೂಡುವ ಒಂದು ನೆರಳಿನ ಮನೆ, ತಾಲೂಕು ಆಸ್ಪತ್ರೆಯಿಂದ ಹಳ್ಳಿಗೆ ಬರುವ ಫಿಜಿಯೋಥೆರಪಿ, ನಮ್ಮ ಊರಿನ ಯುವಕ ಯುವತಿಯರಿಗೆ ಆರೈಕೆಯ ತರಬೇತಿ, ಈ ಮೂರು ಆದರೆ ಕೆಲಸವಿಲ್ಲದ ಎಷ್ಟೋ ಕೈಗಳಿಗೆ ಕೆಲಸವೂ ಸಿಕ್ಕೀತು. ಹಸಿದವರಿಗೆ ದಾಸೋಹ ನಡೆಸಿದ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಇಂಥ ನೆಲಕ್ಕೆ ಈ ಕೆಲಸ ಅಸಾಧ್ಯವಾಗಲಾರದು.

ಈ ವರ್ಷ ನಮ್ಮ ಪದವಿ ಮುಗಿಯುತ್ತದೆ. ನಮ್ಮಲ್ಲಿ ಹಲವರು ಬೆಂಗಳೂರು, ಪುಣೆ, ಹೈದರಾಬಾದುಗಳ ದಾರಿ ಹಿಡಿಯುತ್ತೇವೆ, ನಾನೂ ಹೋಗಬೇಕಾದೀತು. ಹೋಗುವ ಮುನ್ನ ಗೆಳೆಯರು ತಮ್ಮ ಮನೆಯ ಬಚ್ಚಲದ ನೆಲವನ್ನು ಒಮ್ಮೆ ನೋಡಲಿ, ಅವ್ವ ತವರಿಗೆ ಹೋಗಿ ಎಷ್ಟು ದಿನವಾಯಿತೆಂದು ಕೇಳಲಿ. ಮುಪ್ಪಿಗೆ ಯಾವ ಊರು ಲೇಸೆಂಬ ವಿಚಾರವನ್ನು ಅಲ್ಲಿಂದ ಆರಂಭಿಸಬೇಕೆಂದು ನನ್ನ ಅಲ್ಪಮತಿಗೆ ತೋರುತ್ತದೆ.