ರಕ್ಷಣೆ ಹೊಂದಿದ್ದೇವೆ, ಮುಂದೇನು?

ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ ಯಾರಾದರೂ ಕರಪತ್ರವೊಂದನ್ನು ಕೈಗಿತ್ತು, “ಅಮ್ಮಾ, ನೀವು ರಕ್ಷಣೆ ಹೊಂದಿದ್ದೀರಾ?” ಎಂದು ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಹೌದೆಂದರೆ ಅಹಂಕಾರವಾದೀತೇನೋ, ಇಲ್ಲವೆಂದರೆ ವಿಶ್ವಾಸವನ್ನೇ ನಿರಾಕರಿಸಿದಂತಾದೀತೇನೋ ಎಂಬ ಅಳುಕು. ಧರ್ಮಸಭೆ ಕಲಿಸುವ ಉತ್ತರ ಹೀಗಿದೆ: ಕ್ರಿಸ್ತರಲ್ಲಿ ರಕ್ಷಣೆ ಹೊಂದಿದ್ದೇವೆ, ಆ ರಕ್ಷಣೆಯಲ್ಲಿ ದಿನದಿನವೂ ಬೆಳೆಯುತ್ತಿದ್ದೇವೆ, ಅದರ ಪೂರ್ಣತೆಯನ್ನು ಭರವಸೆಯಿಂದ ಎದುರುನೋಡುತ್ತಿದ್ದೇವೆ.

ಕೂಲಿಯಲ್ಲ, ಕೊಡುಗೆ

ರಕ್ಷಣೆ ದೇವರ ಉಚಿತ ಕೊಡುಗೆ, ನಮ್ಮ ದುಡಿಮೆಗೆ ಸಿಕ್ಕ ಕೂಲಿಯಲ್ಲ ಎಂದು ಸಂತ ಪೌಲರು ಎಫೆಸದವರಿಗೆ ತಿಳಿಸುತ್ತಾರೆ (2:8-10). ದೀಕ್ಷಾಸ್ನಾನದ ತೊಟ್ಟಿಯ ಬಳಿಗೆ ತಂದ ಹಸುಗೂಸು ಏನನ್ನು ಗಳಿಸಿ ತಂದಿರುತ್ತದೆ? ಏನನ್ನೂ ಇಲ್ಲ. ಆದರೂ ದೇವರು ಅದನ್ನು ತಮ್ಮ ಮಗುವಾಗಿ ಸ್ವೀಕರಿಸುತ್ತಾರೆ. ಇದರ ಬೆನ್ನಲ್ಲೇ ಪೌಲರು, ಸತ್ಕಾರ್ಯಗಳಲ್ಲಿ ಬಾಳಲೆಂದೇ ದೇವರು ನಮ್ಮನ್ನು ರೂಪಿಸಿದ್ದಾರೆ ಎಂದೂ ಹೇಳುತ್ತಾರೆ. ನಿಂತಿದ್ದೇನೆ ಎಂದುಕೊಂಡವನು ಬೀಳದಂತೆ ಎಚ್ಚರವಾಗಿರಲಿ ಎಂಬ ಬುದ್ಧಿವಾದವೂ ಅವರದೇ (1 ಕೊರಿಂಥ 10:12).

ಹಾಗಾದರೆ ಬಿದ್ದವರ ಗತಿಯೇನು? ಈ ಪ್ರಶ್ನೆ ಆದಿ ಧರ್ಮಸಭೆಯನ್ನು ಬಹುವಾಗಿ ಕಾಡಿತು.

ಕಾರ್ಥೇಜಿನಲ್ಲಿ ಬಿದ್ದವರು

ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸನ ಆಜ್ಞೆಯಂತೆ ಪ್ರಜೆಗಳು ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕಾಗಿತ್ತು. ಇಂದಿನ ಟುನೀಸಿಯ ದೇಶದಲ್ಲಿರುವ ಕಾರ್ಥೇಜಿನಲ್ಲಿ ಅನೇಕ ಕ್ರೈಸ್ತರು ಹೆದರಿ ಬಲಿ ಅರ್ಪಿಸಿದರು. ಕೆಲವರು ಬಲಿ ಅರ್ಪಿಸದಿದ್ದರೂ ಹಣ ಕೊಟ್ಟು ಪ್ರಮಾಣಪತ್ರ ಕೊಂಡರು. ಹಿಂಸೆ ತಣ್ಣಗಾದಾಗ ಅವರು ಮತ್ತೆ ದೇವಾಲಯದ ಬಾಗಿಲಿಗೆ ಬಂದರು.

ಕೂಡಲೇ ಸೇರಿಸಿಕೊಳ್ಳಿ ಎಂದರು ಕೆಲವರು. ಧರ್ಮಸಭೆ ಅವರನ್ನು ಎಂದಿಗೂ ಮರಳಿ ಸೇರಿಸಿಕೊಳ್ಳಬಾರದು ಎಂದು ರೋಮಿನ ನೊವಾಷಿಯನ್ ಹಟ ಹಿಡಿದ. ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯಾನರು ಈ ಎರಡನ್ನೂ ಒಪ್ಪಲಿಲ್ಲ. 251ರಲ್ಲಿ ಅಲ್ಲಿ ನಡೆದ ಧರ್ಮಾಧ್ಯಕ್ಷರ ಸಭೆ ಒಬ್ಬೊಬ್ಬರ ಸ್ಥಿತಿಯನ್ನೂ ಪರಿಶೀಲಿಸಲು ನಿರ್ಧರಿಸಿತು. ಪ್ರಮಾಣಪತ್ರ ಕೊಂಡವರನ್ನು ಪರಿಶೀಲನೆಯ ಬಳಿಕ ಸೇರಿಸಿಕೊಂಡರು. ಬಲಿ ಅರ್ಪಿಸಿದವರು ದೀರ್ಘ ಪ್ರಾಯಶ್ಚಿತ್ತ ಮಾಡಬೇಕಾಯಿತು. ಮರಣಶಯ್ಯೆಯಲ್ಲಿ ಅವರಿಗೂ ಕ್ಷಮೆ ದೊರೆಯುತ್ತಿತ್ತು. ಮತ್ತೊಂದು ಹಿಂಸೆ ಸಮೀಪಿಸಿದಾಗ, ಪ್ರಾಯಶ್ಚಿತ್ತದಲ್ಲಿದ್ದ ಇವರಿಗೂ ಪರಮಪ್ರಸಾದ ನೀಡಲು ಸಿಪ್ರಿಯಾನರು ಮುಂದಾದರು. ಕ್ರಿಸ್ತರ ದೇಹ ರಕ್ತಗಳ ಬಲವಿಲ್ಲದೆ ಅವರು ಸಾಕ್ಷಿ ನೀಡುವುದಾದರೂ ಹೇಗೆ ಎಂಬುದು ಅವರ ವಾದವಾಗಿತ್ತು. ಹಿಂದೆ ಹಿಂಸೆಯ ದಿನಗಳಲ್ಲಿ ತಲೆಮರೆಸಿಕೊಂಡಿದ್ದ ಸಿಪ್ರಿಯಾನರೇ 258ರಲ್ಲಿ ವಿಶ್ವಾಸಕ್ಕಾಗಿ ಶಿರಚ್ಛೇದಕ್ಕೆ ತಲೆಯೊಡ್ಡಿದರು.

ನಮಗೆ ಪಾಠವೇನು?

ಪಾಪ ಹಗುರವಾದ ಸಂಗತಿಯಲ್ಲ. ಆದರೆ ಮರಳಿ ಬರುವವನಿಗೆ ಬಾಗಿಲು ಮುಚ್ಚಿಲ್ಲ. ಮೂರು ಬಾರಿ ಪ್ರಭುವನ್ನು ಅರಿಯೆನೆಂದ ಪೇತ್ರನಿಗೆ, ಪುನರುತ್ಥಾನರಾದ ಯೇಸು ಸರೋವರದ ದಡದಲ್ಲಿ ಮೂರು ಬಾರಿ ಪ್ರೀತಿಯನ್ನು ನಿವೇದಿಸುವ ಅವಕಾಶ ಕೊಟ್ಟರು (ಯೊವಾನ್ನ 21). ತಮ್ಮ ಕುರಿಗಳನ್ನೂ ಅವನಿಗೇ ಒಪ್ಪಿಸಿದರು.

ಇಂದು ಡೀಸಿಯಸನ ಅಧಿಕಾರಿಗಳು ನಮ್ಮ ಮನೆಗೆ ಬರುವುದಿಲ್ಲ. ಆದರೆ ಮಗನ ಮದುವೆಯಲ್ಲಿ ವರದಕ್ಷಿಣೆಗೆ ಕೈಚಾಚುವಾಗ, ಹೊಲದ ಬದುವಿನ ಜಗಳದಲ್ಲಿ ಅಣ್ಣನೊಡನೆ ಮಾತು ಬಿಟ್ಟಾಗ, ನಾವೂ ಕ್ರಿಸ್ತರನ್ನು ಅರಿಯೆವೆಂದಂತೆಯೇ. ಹೀಗೆ ಬಿದ್ದು, “ಇನ್ನು ಯಾವ ಮುಖ ಹೊತ್ತು ಗುರುಗಳ ಬಳಿಗೆ ಹೋಗಲಿ?” ಎಂದು ವರ್ಷಗಟ್ಟಲೆ ಪಾಪನಿವೇದನೆಯಿಂದ ದೂರ ಉಳಿದವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಪ್ರಿಯರೇ, ಆ ನಾಚಿಕೆ ಪಶ್ಚಾತ್ತಾಪದ ಮೊದಲ ಹೆಜ್ಜೆಯಾಗಲಿ, ಕಾಲಿಗೆ ಸಂಕೋಲೆಯಾಗುವುದು ಬೇಡ. ಪ್ರಾಮಾಣಿಕ ಬಾಳೆಂದರೆ ಎಂದೂ ಬೀಳದ ಬಾಳಲ್ಲ. ಬಿದ್ದಾಗಲೆಲ್ಲ ದೇವರ ಕೈಹಿಡಿದು ಏಳುವ ಬಾಳು.

ಕುಟುಂಬದ ಚಿಂತನೆಗೆ

1. ನಮ್ಮ ಮಕ್ಕಳಿಗೆ ತಮ್ಮ ದೀಕ್ಷಾಸ್ನಾನದ ದಿನ ಗೊತ್ತಿದೆಯೇ? ಆ ದಿನ ಮನೆಯಲ್ಲಿ ಮೇಣದಬತ್ತಿ ಹಚ್ಚಿ ದೇವರಿಗೆ ಕೃತಜ್ಞತೆ ಸಲ್ಲಿಸೋಣ.

2. ಜಪಸರದ ನಂತರ ಎರಡು ನಿಮಿಷ ಮೌನವಾಗಿದ್ದು, ಆ ದಿನ ಎಲ್ಲಿ ಎಡವಿದೆವೆಂದು ನೆನೆಯೋಣ.

3. ನಾವು ಮಾತು ಬಿಟ್ಟಿರುವವರು ಯಾರು? ಮುಂದಿನ ಭಾನುವಾರದ ಬಲಿಪೂಜೆಗೆ ಮುನ್ನ ಅವರ ಮನೆಯ ಬಾಗಿಲು ತಟ್ಟಬಹುದೇ?