ರೇಸಿಂಗ್ ತಂಡ ದಿವಾಳಿಯಾಯಿತು, ಈಗೇನು ಮಾಡಲಿ?

ಪ್ರಶ್ನೆ: ಮೂರು ವಾರದ ಹಿಂದೆ ಗ್ರ್ಯಾಂಡ್ ಪ್ರಿ ರೇಸಿಂಗ್ ಆನ್‌ಲೈನ್ (ಜಿಪಿಆರ್‌ಓ) ಆಟಕ್ಕೆ ಸೇರಿದೆ. ಕೈತುಂಬ ಸಂಬಳ ಕೊಟ್ಟು ಹೆಸರುವಾಸಿ ಚಾಲಕನನ್ನು ಕರೆತಂದೆ, ಕಾರಿಗೆ ದುಬಾರಿ ಬಿಡಿಭಾಗ ಹಾಕಿಸಿದೆ. ಎರಡು ರೇಸಿನಲ್ಲಿ ಕಾರು ನಡುದಾರಿಯಲ್ಲೇ ನಿಂತಿತು. ಉಳಿದವುಗಳಲ್ಲಿ ಕೊನೆಯ ಸಾಲು. ಈಗ ತಂಡದ ಖಾತೆ ಬರಿದಾಗಿದೆ. ಸೆಟಪ್ ಹೇಗೆ ಹೊಂದಿಸಬೇಕೆಂದೂ ತಿಳಿಯುತ್ತಿಲ್ಲ. ಬಿಟ್ಟುಬಿಡಲೇ?
– ಪದವಿ ವಿದ್ಯಾರ್ಥಿ, ತಿರ್ಲಾಪುರ

ಉತ್ತರ: ಬಿಡಬೇಡಿ. ಹೋಗಿರುವುದು ಆಟದೊಳಗಿನ ದುಡ್ಡು, ಮನೆಯ ದುಡ್ಡಲ್ಲ. ಹೊಸದಾಗಿ ಸೇರಿದವರೆಲ್ಲ ಇರುವುದು ರೂಕಿ (ಹೊಸಬರ) ಗುಂಪಿನಲ್ಲಿ. ಅದರ ಮೇಲೆ ಅಮೆಚೂರ್, ಪ್ರೊ, ಮಾಸ್ಟರ್, ಎಲೀಟ್ ಎಂಬ ಮೆಟ್ಟಿಲುಗಳಿವೆ. ತಪ್ಪು ಮಾಡಿ ಕಲಿಯಲೆಂದೇ ಕೆಳಗಿನ ಮೆಟ್ಟಿಲು ಇರುವುದು.

ಬೆಂಗಳೂರಿನ ವಿಜಯ್ ಮಲ್ಯ ಪಾಲುದಾರರೊಬ್ಬರ ಜೊತೆ 2007ರಲ್ಲಿ ಸ್ಪೈಕರ್ ತಂಡವನ್ನು ಕೊಂಡು, ಅದಕ್ಕೆ ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟು ಫಾರ್ಮುಲಾ ಒನ್‌ಗೆ ಇಳಿಸಿದ್ದು ನಿಮಗೆ ಗೊತ್ತಿರಬಹುದು. 2008ರ ಇಡೀ ವರ್ಷ ಆ ತಂಡಕ್ಕೆ ಒಂದು ಅಂಕವೂ ದಕ್ಕಲಿಲ್ಲ. ಮರುವರ್ಷ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ತಂಡದ ಚಾಲಕ ಫಿಸಿಕೆಲ್ಲಾ ಎರಡನೆಯವರಾಗಿ ಬಂದಾಗ ಖಾತೆ ತೆರೆಯಿತು. 2016, 2017ರಲ್ಲಿ ತನಗಿಂತ ಎಷ್ಟೋ ಸಿರಿವಂತ ತಂಡಗಳನ್ನು ಹಿಂದೆ ಹಾಕಿ ತಂಡ ನಾಲ್ಕನೇ ಸ್ಥಾನ ಪಡೆಯಿತು. ಅಂಥ ತಂಡವೇ 2018ರ ಜುಲೈನಲ್ಲಿ, ಕಾರು ಚೆನ್ನಾಗಿಯೇ ಓಡುತ್ತಿದ್ದಾಗ, ದುಡ್ಡಿಲ್ಲದೆ ದಿವಾಳಿ ಪ್ರಕ್ರಿಯೆಗೆ ಸಿಲುಕಿತು. ನಿಮ್ಮ ಆಟದಲ್ಲೂ ತಂಡವನ್ನು ಉಳಿಸುವುದು, ಮುಳುಗಿಸುವುದು ಎರಡೂ ಲೆಕ್ಕದ ಪುಸ್ತಕವೇ.

ಆದ್ದರಿಂದ ಮೊದಲು ಖರ್ಚು ನೋಡಿ. ದುಬಾರಿ ಚಾಲಕನ ಒಪ್ಪಂದ ಮುಗಿದ ಮೇಲೆ ಕಡಿಮೆ ಸಂಬಳದವನನ್ನು ಹುಡುಕಿ. ಅವನಲ್ಲಿ ಏಕಾಗ್ರತೆ, ಪ್ರತಿಭೆ ಎರಡೂ ಇರಲಿ. ಬರೀ ಆಕ್ರಮಣಶೀಲತೆ (ಮುನ್ನುಗ್ಗುವ ಸ್ವಭಾವ) ಇರುವವನು ಬೇಡ. ಪ್ರಾಯೋಜಕರ ಜೊತೆ ಮಾತುಕತೆ ನಡೆಸುವ ಪುಟವನ್ನು ಹೊಸಬರು ತೆರೆಯುವುದೇ ಇಲ್ಲ. ನೀವು ಇಂದೇ ತೆರೆಯಿರಿ, ಒಪ್ಪಂದ ಕುದುರಿದರೆ ರೇಸಿನಿಂದ ರೇಸಿಗೆ ಆದಾಯ ಬರುತ್ತದೆ.

ಕಾರು ನಿಂತಿದ್ದಕ್ಕೆ ಚಾಲಕನನ್ನು ಬೈಯಬೇಡಿ. ಬಹುಶಃ ಬಿಡಿಭಾಗದ ಸವೆತ (ಬಳಸಿದಂತೆ ಹಾಳಾಗುವ ಪ್ರಮಾಣ) ಮಿತಿ ಮೀರಿತ್ತು. ಪ್ರತಿ ರೇಸಿಗೆ ಮೊದಲು ಸವೆತದ ಶೇಕಡಾವಾರು ನೋಡಿ. ನೂರರ ಹತ್ತಿರ ಬಂದದ್ದನ್ನು ಅದೇ ದರ್ಜೆಯ ಹೊಸ ಭಾಗದಿಂದ ಬದಲಿಸಿ. ಎಲ್ಲವನ್ನೂ ಒಮ್ಮೆಲೇ ಮೇಲಿನ ದರ್ಜೆಗೆ ಏರಿಸುವ ಆಸೆ ಸದ್ಯಕ್ಕೆ ಬೇಡ.

ಇನ್ನು ಸೆಟಪ್ (ಟ್ರ್ಯಾಕಿಗೆ ತಕ್ಕಂತೆ ಕಾರನ್ನು ಹದಗೊಳಿಸುವುದು). ಮುಂದಿನ ರೆಕ್ಕೆ, ಹಿಂದಿನ ರೆಕ್ಕೆ, ಎಂಜಿನ್, ಬ್ರೇಕ್, ಗೇರ್, ಸಸ್ಪೆನ್ಷನ್ – ಈ ಆರಕ್ಕೂ 999ರೊಳಗಿನ ಒಂದು ಸಂಖ್ಯೆ ಕೊಡಬೇಕು. ಅಭ್ಯಾಸಕ್ಕೆ ಎಂಟು ಸುತ್ತು ಸಿಗುತ್ತವೆ. ಮೊದಲ ಸುತ್ತಿಗೆ ಆರಕ್ಕೂ 500 ಇಡಿ. ಸುತ್ತು ಮುಗಿಸಿದ ಚಾಲಕ ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ಹೇಳುತ್ತಾನೆ. ಬ್ರೇಕ್ ಹೆಚ್ಚಾಯಿತು ಎಂದರೆ 250ಕ್ಕೆ ಇಳಿಸಿ. ಈಗ ಕಡಿಮೆಯಾಯಿತು ಎಂದರೆ ಸರಿಯಾದ ಸಂಖ್ಯೆ ಎರಡರ ನಡುವೆ ಇದೆ ಎಂದಾಯಿತು, 375 ಇಟ್ಟು ನೋಡಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಎಂಟು ಸುತ್ತಿನೊಳಗೆ ಅವನು ಸುಮ್ಮನಾಗುತ್ತಾನೆ. ಸುಮ್ಮನಾದರೆ ಒಪ್ಪಿದ ಎಂದೇ ಅರ್ಥ. ಅನುಭವ, ತಾಂತ್ರಿಕ ಒಳನೋಟ ಕಡಿಮೆ ಇರುವ ಚಾಲಕ ಬೇಗ ಒಪ್ಪಿಬಿಡುತ್ತಾನೆ, ಆದ್ದರಿಂದ ಅವನ ಮೌನವನ್ನು ಪೂರ್ತಿ ನಂಬಬೇಡಿ. ಪ್ರತಿ ರೇಸಿನ ಸಂಖ್ಯೆಗಳನ್ನು, ಅಂದಿನ ತಾಪಮಾನದ ಸಮೇತ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಿಸಿಲು, ಮಳೆ ಬದಲಾದರೆ ಸೆಟಪ್ಪೂ ಬದಲಾಗುತ್ತದೆ. ಒಂದು ಋತುವಿನಲ್ಲಿ 17 ರೇಸುಗಳಿವೆ. ಮುಂದೊಮ್ಮೆ ಅದೇ ಟ್ರ್ಯಾಕಿಗೆ ಬಂದಾಗ ಆ ಪುಟ ಉಪಯೋಗಕ್ಕೆ ಬರುತ್ತದೆ.

ರಿಸ್ಕ್ (ಎಷ್ಟು ಸಾಹಸ ಮಾಡಬೇಕೆಂದು ಚಾಲಕನಿಗೆ ಹೇಳುವುದು) ಈಗ ಕಡಿಮೆ ಇರಲಿ. ಉಳಿದ ರೇಸುಗಳಲ್ಲಿ ಕಾರು ಗುರಿ ಮುಟ್ಟಿದರೆ ಸಾಕು.

ಪ್ರಶ್ನೆ: ಮಗ ಮೊಬೈಲಿನಲ್ಲಿ ರೇಸಿಂಗ್ ಆಟ ಆಡುತ್ತಾನೆ. ಬಾಯಿ ತೆರೆದರೆ ಪ್ರಾಯೋಜಕರು, ಲಕ್ಷ, ಕೋಟಿ ಎನ್ನುತ್ತಾನೆ. ಆನ್‌ಲೈನ್ ರಮ್ಮಿಯಲ್ಲಿ ಹೊಲ ಅಡವಿಟ್ಟವರನ್ನು ಕಂಡಿದ್ದೇನೆ. ಇದೂ ಜೂಜೇ? ಪೊಲೀಸ್ ಕೇಸ್ ಆದೀತೇ ಎಂದು ನಿದ್ದೆ ಬರುತ್ತಿಲ್ಲ.
– ರೈತರು, ನವಲಗುಂದ ತಾಲ್ಲೂಕು

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಕಣ್ಣಾರೆ ಕಂಡವರಿಗೆ ಹೆದರಿಕೆ ಆಗದಿದ್ದರೇ ಆಶ್ಚರ್ಯ. ಆದರೆ ಮಗ ಆಡುವುದು ಜಿಪಿಆರ್‌ಓದಂಥ ಆಟವಾದರೆ ಅದು ಜೂಜಲ್ಲ, ಕೇಸೂ ಆಗದು.

2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು. ಅದು ನಿಷೇಧಿಸಿರುವುದು ಹಣ ಗೆಲ್ಲುವ ಆಸೆಯಿಂದ ಹಣ ಹಾಕಿ ಆಡುವ ಆಟಗಳನ್ನು. ಪಣವಿಲ್ಲದ ಆಟಗಳಿಗೆ ಅಡ್ಡಿಯಿಲ್ಲ. ಮಗ ಹೇಳುವ ಲಕ್ಷ ಕೋಟಿ ಆಟದ ಪರದೆಯ ಮೇಲಿನ ಅಂಕಿಗಳಷ್ಟೇ. ಅವನ್ನು ಬ್ಯಾಂಕಿನಿಂದ ಹಾಕಬೇಕಿಲ್ಲ, ಬ್ಯಾಂಕಿಗೆ ತೆಗೆಯಲೂ ಬರುವುದಿಲ್ಲ.

ನಿಮ್ಮ ಕಡೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡಿರುತ್ತೀರಿ. ಗಾಡಾ ಓಡುವುದು ಒಂದು ನಿಮಿಷ, ಎತ್ತಿಗೆ ಹಿಂಡಿ ತಿನ್ನಿಸಿ, ತಾಲೀಮು ಮಾಡಿಸಿ ತಯಾರು ಮಾಡುವುದು ತಿಂಗಳುಗಟ್ಟಲೆ. ಮಗನ ಆಟ ಈ ತಯಾರಿಯ ಭಾಗ ಮಾತ್ರ, ಸ್ಟೀರಿಂಗ್ ಅವನ ಕೈಯಲ್ಲಿಲ್ಲ.

ಆದರೂ ಬರೀ ನನ್ನ ಮಾತು ನಂಬಿ ಕೂರಬೇಡಿ. ಪಕ್ಕದಲ್ಲಿ ಕುಳಿತು, ಬೈಯದೆ, ಆಟ ತೋರಿಸು ಎನ್ನಿ. ಫೋನ್‌ಪೇ, ಗೂಗಲ್‌ಪೇ ಪಾವತಿಗಳ ಪಟ್ಟಿಯನ್ನು ಇಬ್ಬರೂ ಸೇರಿ ನೋಡಿ. ಇಂಥ ಆಟಗಳಲ್ಲಿ ಹೆಚ್ಚುವರಿ ಅನುಕೂಲಕ್ಕೆ ಚಂದಾ ಕೊಡುವ ಅವಕಾಶ ಇರುತ್ತದೆ, ಕಡ್ಡಾಯವಲ್ಲ. ಕೊಟ್ಟಿದ್ದರೆ ಎಷ್ಟು ಎಂದು ನಿಮಗೆ ತಿಳಿದಿರಲಿ. ಯಾರಾದರೂ ‘ನನ್ನ ತಂಡ ಕೊಳ್ಳಿ, ಗೆಲ್ಲಿಸುತ್ತೇನೆ’ ಎಂದು ದುಡ್ಡು ಕೇಳಿದರೆ ಕೊಡಬಾರದು. ಕೊಟ್ಟು ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಊಟ, ನಿದ್ದೆ, ಓದು ಬಿಟ್ಟು ಅದರಲ್ಲೇ ಮುಳುಗಿದ್ದಾನೆ ಅನ್ನಿಸಿದರೆ ಅದು ಬೇರೆ ಮಾತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ನಾಚಿಕೆ ಪಡುವಂಥದ್ದೇನಿಲ್ಲ.

ಪ್ರಶ್ನೆ: ಜಿಪಿಆರ್‌ಓ ರೇಸ್ ನಡುರಾತ್ರಿ ಶುರುವಾಗುತ್ತದೆ. ಆಗಲೇ ನಮ್ಮಲ್ಲಿ ನೆಟ್‌ವರ್ಕ್ ಹೋಗುತ್ತದೆ. ಎದ್ದು ಕೂರದಿದ್ದರೆ ಸೋಲುತ್ತೇನೆಯೇ?
– ಪಿಯುಸಿ ವಿದ್ಯಾರ್ಥಿನಿ, ಅಣ್ಣಿಗೇರಿ

ಉತ್ತರ: ಇಲ್ಲಮ್ಮ, ನೀವು ನಿಶ್ಚಿಂತೆಯಿಂದ ಮಲಗಿ. ಮಂಗಳವಾರ, ಶುಕ್ರವಾರ ಯುರೋಪಿನ ರಾತ್ರಿ ಎಂಟಕ್ಕೆ ರೇಸ್. ನಮಗದು ಚಳಿಗಾಲದಲ್ಲಿ ಹನ್ನೆರಡೂವರೆ, ಬೇಸಿಗೆಯಲ್ಲಿ ಹನ್ನೊಂದೂವರೆ. ಓಡಿಸುವುದು ಸರ್ವರ್ (ದೂರದ ಕಂಪ್ಯೂಟರ್). ಅರ್ಹತಾ ಸುತ್ತು, ಟಯರ್, ಇಂಧನ ಎಲ್ಲವನ್ನೂ ಸಂಜೆಯೊಳಗೆ ತುಂಬಿ ಉಳಿಸಿಬಿಟ್ಟರೆ ಆಯಿತು. ಫಲಿತಾಂಶ ಬೆಳಿಗ್ಗೆ ನೋಡಬಹುದು. ಉಳಿಸುವ ಗುಂಡಿ ಒತ್ತಿದ ಮೇಲೆ ಪುಟವನ್ನು ಮತ್ತೆ ತೆರೆದು, ಸಂಖ್ಯೆಗಳು ಹಾಗೇ ಇವೆಯೇ ಎಂದು ನೋಡಿಕೊಳ್ಳಿ. ನೆಟ್‌ವರ್ಕ್ ಕೈಕೊಡುವ ಊರಿನಲ್ಲಿ ಈ ಅಭ್ಯಾಸ ಅಗತ್ಯ.

ಪ್ರಶ್ನೆ: ಈ ಆಟ ಕಲಿತರೆ ರೇಸಿಂಗ್ ತಂಡದಲ್ಲಿ ಕೆಲಸ ಸಿಗುತ್ತದೆಯೇ?
– ಓದುಗರು, ಕುಂದಗೋಳ

ಉತ್ತರ: ಆಟದ ಅಂಕ ತೋರಿಸಿದರೆ ಯಾರೂ ಕೆಲಸ ಕೊಡುವುದಿಲ್ಲ, ಆಸೆ ಹುಟ್ಟಿಸಿ ನಿಮ್ಮನ್ನು ದಾರಿ ತಪ್ಪಿಸಲಾರೆ. ಆದರೆ ಆಸಕ್ತಿ ಗಟ್ಟಿಯಾಗಿದ್ದರೆ ದಾರಿ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ರೇಸ್ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಭಾರತ್, ಸುಪ್ರಾ ಸ್ಪರ್ಧೆಗಳು ನಮ್ಮ ದೇಶದಲ್ಲಿ ನಡೆಯುತ್ತವೆ. ಅಲ್ಲಿ ಕಾರು ಓಡಿಸಿದರೆ ಮುಗಿಯಲಿಲ್ಲ, ವೆಚ್ಚದ ಲೆಕ್ಕವನ್ನೂ ತೀರ್ಪುಗಾರರ ಮುಂದೆ ಒಪ್ಪಿಸಬೇಕು. ಕಾಲೇಜು ಆರಿಸುವಾಗ ಅಂಥ ವಿದ್ಯಾರ್ಥಿ ತಂಡ ಅಲ್ಲಿದೆಯೇ ಎಂದು ವಿಚಾರಿಸಿ, ಸಾಧ್ಯವಾದರೆ ಹೋಗಿ ಅವರ ವರ್ಕ್‌ಶಾಪ್ ನೋಡಿ ಬನ್ನಿ.