ಒತ್ತಕ್ಷರ ಮೊದಲು, ಹರ್ಟ್ಸ್ ಆಮೇಲೆ: ಮಾನಿಟರ್ ಕೊಳ್ಳುವವರಿಗೆ ಒಂಬತ್ತು ಸೂತ್ರಗಳು

ಕೆರೂರಿನಂಥ ಊರಲ್ಲಿ ಮನೆಗೆ ಬಂದ ಕಂಪ್ಯೂಟರ್ ಒಬ್ಬರದ್ದಾಗಿ ಉಳಿಯುವುದು ಕಡಿಮೆ. ಹಗಲು ಅಕ್ಕ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾಳೆ, ಸಂಜೆ ಅಪ್ಪ ಹೊಲದ ಉತಾರ (ಪಹಣಿ) ನೋಡುತ್ತಾರೆ, ರಾತ್ರಿ ತಮ್ಮ ವ್ಯಾಲೊರಂಟ್ ಆಡುತ್ತಾನೆ. ಹುಬ್ಬಳ್ಳಿಗೋ ಬಾಗಲಕೋಟೆಗೋ ಹೋಗಿ ಅಂಗಡಿಯಲ್ಲಿ ನಿಂತರೆ ಹೆಚ್ಚೂಕಡಿಮೆ ಒಂದೇ ದುಡ್ಡಿಗೆ ಎರಡು ಬಗೆಯ ಮಾನಿಟರ್ ಕಾಣುತ್ತವೆ. ಒಂದು ವೇಗದ್ದು, ಇನ್ನೊಂದು ಅಕ್ಷರಗಳನ್ನು ಕೊರೆದಿಟ್ಟಂತೆ ತೋರಿಸುವಂಥದ್ದು. ಯಾವುದನ್ನು ಮನೆಗೆ ತರಬೇಕು?

1. ಪರದೆಯ ಮುಂದೆ ಯಾರು ಎಷ್ಟು ಹೊತ್ತು ಕೂರುತ್ತಾರೆ ಎಂದು ಒಂದು ವಾರ ಬರೆದಿಡಿ. ಆಟ ಎರಡು ತಾಸು, ಓದು ಮತ್ತು ಟೈಪಿಂಗ್ ಎಂಟು ತಾಸು ಎಂದಾದರೆ ದುಡ್ಡು ಎಂಟು ತಾಸಿನ ಕಡೆಗೇ ಹೋಗಬೇಕು. ಮನೆಯಲ್ಲಿ ಆಟಗಾರನ ದನಿ ಜೋರಾಗಿರುತ್ತದೆ. ಓದುವವಳು ಕಣ್ಣು ಉರಿದರೂ ಬಾಯಿಬಿಟ್ಟು ಕೇಳುವುದಿಲ್ಲ.

2. ವೇಗದ ಲಾಭವನ್ನು ಮಿಲಿಸೆಕೆಂಡಿನಲ್ಲಿ ಅಳೆಯಿರಿ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ, 144 ಹರ್ಟ್ಸ್‌ನದು 6.9ಕ್ಕೊಮ್ಮೆ, 240ರದು 4.2ಕ್ಕೊಮ್ಮೆ. ಮೊದಲ ಜಿಗಿತದಲ್ಲಿ ಸುಮಾರು 10 ಮಿಲಿಸೆಕೆಂಡು ಉಳಿಯುತ್ತದೆ, ಎರಡನೆಯದರಲ್ಲಿ ಮೂರೂ ಇಲ್ಲ. 144ಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ. 240, ಪಂದ್ಯಕ್ಕಿಳಿದು ಆಡುವವರಿಗೆ ಇರಲಿ.

3. ಮಾನಿಟರ್‌ಗೆ ಚಿತ್ರ ಕೊಡುವವರು ಯಾರೆಂದು ಕೇಳಿ. ಪರದೆ 144ಕ್ಕೆ ಸಿದ್ಧವಿದ್ದರೂ ಕಂಪ್ಯೂಟರ್ ಸೆಕೆಂಡಿಗೆ 50 ಚಿತ್ರ ಮಾತ್ರ ತಯಾರಿಸಿದರೆ ನಿಮಗೆ ಸಿಗುವುದು 50 ಮಾತ್ರ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ವೇಗದ ಮಾನಿಟರ್ ತರುವ ಮುನ್ನ ಕಾರ್ಡಿಗೆ ದುಡ್ಡು ಕೂಡಿಸಿ. ಹುಡುಗ ಆಡುವುದು ಮೊಬೈಲಿನ ಬಿಜಿಎಂಐ ಆದರೆ ಮಾನಿಟರ್ ಕೊಡಿಸಿ ಅವನ ಆಟ ಚುರುಕಾಗುವುದಿಲ್ಲ. ಇಂಟರ್ನೆಟ್ಟಿನ ವಿಳಂಬ, ಅಂದರೆ ಪಿಂಗ್, ಒಮ್ಮೆ 40, ಒಮ್ಮೆ 120 ಮಿಲಿಸೆಕೆಂಡು ಎಂದು ಕುಣಿಯುತ್ತಿದ್ದರೆ ಉಳಿಸಿದ ಆ 10 ಮಿಲಿಸೆಕೆಂಡು ಲೆಕ್ಕಕ್ಕೇ ಬರುವುದಿಲ್ಲ. ವೈಫೈ ಬಿಟ್ಟು ರೂಟರ್‌ನಿಂದ ನೇರ ಕೇಬಲ್ ಎಳೆಯಿರಿ, ಅದು ಅಗ್ಗದ ಮದ್ದು.

4. ಕನ್ನಡಕ್ಕೆ ಎಷ್ಟು ಪಿಕ್ಸೆಲ್ ಬೇಕೆಂದು ತಿಳಿಯಿರಿ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಇಂಗ್ಲಿಷಿನ ವಿಮರ್ಶೆಗಳಿಗೆ ಇದು ಗೊತ್ತೇ ಇಲ್ಲ. ಇಂಗ್ಲಿಷ್ ಅಕ್ಷರ ಒಂದು ಸಾಲಿನ ಮೇಲೆ ನಿಲ್ಲುತ್ತದೆ. ನಮ್ಮ ಅಕ್ಷರದ ಮೇಲೆ ಗುಡಿಸು, ಬಲಕ್ಕೆ ಕೊಂಬು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಮತ್ತೊಂದು ಒತ್ತು. ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರಗಳನ್ನು ಹಿಗ್ಗಿಸುವ ಸೆಟ್ಟಿಂಗ್) 100 ಪ್ರತಿಶತ ಇದ್ದಾಗ 10 ಪಾಯಿಂಟಿನ ಅಕ್ಷರದ ಎತ್ತರಕ್ಕೆ ಸಿಗುವುದು ಸುಮಾರು 13 ಪಿಕ್ಸೆಲ್. ಅಷ್ಟರಲ್ಲೇ ಒತ್ತೂ ಅಡಗಬೇಕು, ಅದರ ಪಾಲಿಗೆ ಕೆಲವೇ ಪಿಕ್ಸೆಲ್ ಉಳಿಯುತ್ತವೆ. ಫುಲ್ ಎಚ್‌ಡಿ ಪರದೆಯನ್ನು 24 ಇಂಚಿನಿಂದ 27ಕ್ಕೆ ದೊಡ್ಡದು ಮಾಡಿದರೆ ಪಿಕ್ಸೆಲ್ ಒಂದೂ ಹೆಚ್ಚುವುದಿಲ್ಲ. ಇಂಚಿಗೆ 92 ಇದ್ದದ್ದು 82ಕ್ಕೆ ಇಳಿದು, ಅಕ್ಷರ ಉಬ್ಬಿ, ಅಂಚು ಒರಟಾಗುತ್ತದೆ. ಅದೇ 27 ಇಂಚಿನಲ್ಲಿ 2560x1440 ಇದ್ದರೆ ಇಂಚಿಗೆ ಸುಮಾರು 109, 4ಕೆ ಇದ್ದರೆ 163. 4ಕೆ ಪರದೆಯಲ್ಲಿ ಸ್ಕೇಲಿಂಗ್ 150 ಇಟ್ಟರೆ ಅದೇ ಅಕ್ಷರಕ್ಕೆ 20 ಪಿಕ್ಸೆಲ್ ಸಿಗುತ್ತದೆ. ಆಗ ತ ಒತ್ತು, ನ ಒತ್ತು ಬೇರೆ ಬೇರೆಯಾಗಿ ಕಾಣುತ್ತವೆ.

ಅರ್ಜಿ ತುಂಬುವ ಕೇಂದ್ರ, ಡಿಟಿಪಿ ಅಂಗಡಿ, ಝೆರಾಕ್ಸ್ ಅಂಗಡಿ ನಡೆಸುವವರು ಈ ನಾಲ್ಕನೆಯ ಸೂತ್ರವನ್ನು ಎರಡು ಸಲ ಓದಿ. ಒತ್ತು ಸರಿಯಾಗಿ ಕಾಣದೆ ತಪ್ಪು ಟೈಪಾಗಿ, ಉತಾರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಹೆಸರಾದರೆ ತಿದ್ದಿಸಲು ಅಲೆಯುವವರು ಮುದುಕರು, ಕೂಲಿ ಬಿಟ್ಟು ಬಂದವರು. ಅಂಥ ಅಂಗಡಿಯಲ್ಲಿ 24 ಇಂಚಿಗಿಂತ ದೊಡ್ಡ ಫುಲ್ ಎಚ್‌ಡಿ ಪರದೆ ಬೇಡ.

5. ಅಂಗಡಿಯಲ್ಲೇ ಕನ್ನಡ ಬರೆಸಿ ನೋಡಿ. ಅವರು ತೋರಿಸುವ ಹೊಳೆಯುವ ವಿಡಿಯೊ ನಿಲ್ಲಿಸಿ, 10 ಪಾಯಿಂಟಿನಲ್ಲಿ ‘ಸ್ವಾತಂತ್ರ್ಯ’, ‘ಲಕ್ಷ್ಮವ್ವ’, ‘ಶಾಸ್ತ್ರಿ’, ‘ರಾಷ್ಟ್ರ’ ಎಂದು ಬರೆಸಿ. ಒಂದು ತೋಳಿನಷ್ಟು ದೂರ ಕುಳಿತು ಓದಿ. ಮುಂದಕ್ಕೆ ಬಾಗಬೇಕಾಯಿತೆಂದರೆ ಆ ಮಾನಿಟರ್ ಬಿಡಿ.

6. ಬಣ್ಣ ಮುಖ್ಯವಾದ ವ್ಯಾಪಾರವಿದ್ದರೆ ಐಪಿಎಸ್ ಪ್ಯಾನೆಲ್ಲೇ ಇರಲಿ. ಇಲಕಲ್ಲ ಸೀರೆ, ಗುಳೇದಗುಡ್ಡದ ಖಣ ಈಗ ಮೊಬೈಲಿನ ಫೋಟೊದಲ್ಲೂ ಮಾರಾಟವಾಗುತ್ತವೆ. ದಾಳಿಂಬೆ ಕೆಂಪು ಸೆರಗು ನಿಮ್ಮ ಪರದೆಯಲ್ಲಿ ಕಿತ್ತಳೆಯಾಗಿ ಕಂಡರೆ, ಸರಿಪಡಿಸಲು ಹೋಗಿ ಫೋಟೊವನ್ನೇ ಕೆಡಿಸುತ್ತೀರಿ. ಸೀರೆ ಕೈಗೆ ಬಂದಾಗ ಗಿರಾಕಿ ‘ಇದಲ್ಲ ನಾವು ನೋಡಿದ್ದು’ ಎನ್ನುತ್ತಾರೆ. ಪೆಟ್ಟಿಗೆಯ ಮೇಲೆ ಎಸ್‌ಆರ್‌ಜಿಬಿ 99 ಪ್ರತಿಶತ ಎಂದಿದೆಯೇ ನೋಡಿ. ಟಿಎನ್ ಪ್ಯಾನೆಲ್ ಪಕ್ಕದಿಂದ ನೋಡಿದರೆ ಬಣ್ಣ ಬದಲಿಸುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆಂದ, ಆದರೆ ಅಗ್ಗದವುಗಳಲ್ಲಿ ಕತ್ತಲ ದೃಶ್ಯ ಓಡುವಾಗ ಹಿಂದೆ ನೆರಳು ಎಳೆಯುತ್ತದೆ.

7. ನಡುವಿನ ದಾರಿಯೂ ಇದೆ. 27 ಇಂಚು, 2560x1440, ಐಪಿಎಸ್, 144 ಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚು. ಎಲ್ಲರೂ ಹಂಚಿಕೊಳ್ಳುವ ಮನೆಗೆ ನನ್ನ ಆಯ್ಕೆ ಇದೇ. ಸ್ಕೇಲಿಂಗ್ 125 ಇಟ್ಟರೆ ಕನ್ನಡ ನೆಮ್ಮದಿಯಾಗಿ ಓದಬಹುದು. ಫುಲ್ ಎಚ್‌ಡಿಯ 20.7 ಲಕ್ಷ ಪಿಕ್ಸೆಲ್ ಜಾಗದಲ್ಲಿ ಇಲ್ಲಿ 36.9 ಲಕ್ಷ, ಹಾಗಾಗಿ ಆಟಕ್ಕೆ ಗ್ರಾಫಿಕ್ಸ್ ಕಾರ್ಡು ಹೆಚ್ಚು ದುಡಿಯಬೇಕು. 4ಕೆ ಪರದೆಯ 83 ಲಕ್ಷವನ್ನು ಸಾಧಾರಣ ಕಾರ್ಡು ಎಳೆಯಲಾರದು. ಬಜೆಟ್ ಇಲ್ಲಿಯವರೆಗೆ ಬಾರದಿದ್ದರೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಕೊಳ್ಳಿ, ಮೋಸವಿಲ್ಲ.

8. ತಂದ ದಿನವೇ ಸೆಟ್ಟಿಂಗ್ ನೋಡಿ. 144ರ ಮಾನಿಟರ್ ಕೊಂಡು ವರ್ಷವಿಡೀ 60ರಲ್ಲಿ ಆಡುವವರಿದ್ದಾರೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ಗೆ ಹೋಗಿ ರಿಫ್ರೆಶ್ ರೇಟ್ (ಹರ್ಟ್ಸ್) ನೀವೇ ಬದಲಿಸಬೇಕು. ಹಳೆಯ ಎಚ್‌ಡಿಎಂಐ ಕೇಬಲ್ ವೇಗವನ್ನು ತಡೆಯಬಹುದು, ಪೆಟ್ಟಿಗೆಯಲ್ಲಿ ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ದರೆ ಅದನ್ನೇ ಹಾಕಿ. ಬಿಳಿ ಪರದೆ, ಕಪ್ಪು ಪರದೆ ಎರಡನ್ನೂ ತೆರೆದು ಸತ್ತ ಪಿಕ್ಸೆಲ್ ಹುಡುಕಿ. ವಾರಂಟಿ ರಿಪೇರಿಗೆ ಅವರು ಕೆರೂರಿಗೆ ಬರುತ್ತಾರೋ, ನೀವೇ ಹೊತ್ತೊಯ್ಯಬೇಕೋ ಎಂಬುದನ್ನು ಬಿಲ್ ಮಾಡಿಸುವ ಮುನ್ನ ಕೇಳಿ.

9. ಅಂಗಡಿ ಇಟ್ಟಿರುವ ಅಣ್ಣಂದಿರಿಗೂ ಅಕ್ಕಂದಿರಿಗೂ ಒಂದು ವಿನಂತಿ. ತಿರುಗುವ ಸ್ಟ್ಯಾಂಡ್ ಇರುವ ಮಾನಿಟರ್ ಕೊಳ್ಳಿ. ಅರ್ಜಿ ಸಲ್ಲಿಸುವ ಬಟನ್ ಒತ್ತುವ ಮೊದಲು ಪರದೆಯನ್ನು ಗಿರಾಕಿಯ ಕಡೆಗೆ ತಿರುಗಿಸಿ, ಅವರ ಹೆಸರನ್ನು ಅವರಿಂದಲೇ ಓದಿಸಿ. ಓದು ಬಾರದವರಿಗೆ ನೀವೇ ಒಂದೊಂದು ಅಕ್ಷರ ಓದಿ ಹೇಳಿ.